ಲಂಕೆಯ ಮಕ್ಕಳ ಮನೆಗೆ ಮಂಗಳೂರಿನಿಂದ ನೆರವು: ಪಟ್ಟಿ, ಬ್ಯಾಂಕು, ಲೆಕ್ಕ

2022ರ ಮೇ ತಿಂಗಳಲ್ಲಿ ಮಂಗಳೂರಿನ ಬಿಜೈಯ ನಮ್ಮ ಮನೆಯ ಜಗಲಿಯಲ್ಲಿ ಹನ್ನೊಂದು ಗೋಣಿಚೀಲಗಳು ಸಾಲಾಗಿ ಕುಳಿತಿದ್ದವು. ಹಳೆಯ ಸ್ವೆಟರು, ಒಂದು ಕಣ್ಣು ಕಳಚಿದ ಕರಡಿ ಬೊಂಬೆ, ಆರನೆಯ ತರಗತಿಯ ಕನ್ನಡ ಪಠ್ಯಪುಸ್ತಕ, ಯಾರದೋ ಮದುವೆಯಲ್ಲಿ ಉಡುಗೊರೆ ಬಂದು ತೆರೆಯದೆ ಉಳಿದ ಸ್ಟೀಲಿನ ಡಬ್ಬಗಳು. ಶ್ರೀಲಂಕಾದ ಬೆಟ್ಟನಾಡಿನ ಒಂದು ಮಕ್ಕಳ ಮನೆಗೆ ಕಳುಹಿಸಬೇಕೆಂದು ನೆರೆಕರೆಯವರು ಪ್ರೀತಿಯಿಂದಲೇ ತಂದು ಸುರಿದದ್ದು. ಅದೇ ವಾರ ಆ ಮನೆಯ ಮೇಲ್ವಿಚಾರಕಿಯಿಂದ ಪಟ್ಟಿ ಬಂತು: ಅಡುಗೆಯಾಕೆಯ ಎರಡು ತಿಂಗಳ ಸಂಬಳ ಬಾಕಿ, ಒಂದು ಗ್ಯಾಸ್ ಸಿಲಿಂಡರ್, ಸಿಗದಿದ್ದರೆ ಕಟ್ಟಿಗೆಗೆ ದುಡ್ಡು, ಹಾಲಿನ ಪುಡಿ, ಉಬ್ಬಸದ ಹುಡುಗನೊಬ್ಬನಿಗೆ ಇನ್‌ಹೇಲರ್, ಗೆರೆ ಹಾಕಿದ, 80 ಪುಟದ ಬರೆಯುವ ಪುಸ್ತಕಗಳು. ಹನ್ನೊಂದು ಗೋಣಿಗಳಲ್ಲಿ ಈ ಪಟ್ಟಿಯ ಒಂದು ವಸ್ತುವೂ ಇರಲಿಲ್ಲ.

ನಾನು ಬ್ಯಾಂಕೊಂದರ ವಿದೇಶಿ ವಿನಿಮಯ ವಿಭಾಗದಲ್ಲಿ ಕುಳಿತು ನಿವೃತ್ತನಾದವನು. ಪರದೇಶಕ್ಕೆ ಹಣ ಹೇಗೆ ಹೋಗುತ್ತದೆ ಎಂಬುದು ಗೊತ್ತಿತ್ತು, ಮಕ್ಕಳ ಮನೆ ಹೇಗೆ ನಡೆಯುತ್ತದೆ ಎಂಬುದು ಗೊತ್ತಿರಲಿಲ್ಲ. ಹನ್ನೆರಡು ಜನ ಸೇರಿ ಇಷ್ಟು ವರ್ಷಗಳಲ್ಲಿ ಎಡವಿ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಆ ಮನೆಯ ಹೆಸರನ್ನಾಗಲಿ ಊರನ್ನಾಗಲಿ ಬರೆಯುವುದಿಲ್ಲ. ಕಾರಣ ಮುಂದೆ ಬರುತ್ತದೆ.

ಲಂಕೆಯೇ ಏಕೆ ಎಂದು ಕೇಳುವವರಿಗೆ ಎರಡು ಮಾತು. 2022ರ ಏಪ್ರಿಲ್ 12ರಂದು ಆ ದೇಶ ವಿದೇಶಿ ಸಾಲದ ಕಂತು ಕಟ್ಟುವುದನ್ನು ನಿಲ್ಲಿಸಿತು. ಅದಕ್ಕೆ ಮೊದಲೇ, ಮಾರ್ಚಿನಲ್ಲಿ, ಪಶ್ಚಿಮ ಪ್ರಾಂತ್ಯದ ಶಾಲೆಗಳಲ್ಲಿ ಪ್ರಶ್ನೆಪತ್ರಿಕೆ ಅಚ್ಚು ಮಾಡಲು ಕಾಗದವಿಲ್ಲದೆ ಪರೀಕ್ಷೆ ಮುಂದಕ್ಕೆ ಹೋಗಿತ್ತು. ಸೆಪ್ಟೆಂಬರಿನ ಹೊತ್ತಿಗೆ ಹಣದುಬ್ಬರ ಶೇಕಡ 70ರ ಹತ್ತಿರ ಬಂತು. 2023ರ ಮಾರ್ಚಿನಲ್ಲಿ ಅಂತಾರಾಷ್ಟ್ರೀಯ ಹಣಕಾಸು ನಿಧಿ ಸುಮಾರು 300 ಕೋಟಿ ಡಾಲರಿನ ನೆರವಿಗೆ ಒಪ್ಪಿದ ಮೇಲೆ ಪತ್ರಿಕೆಗಳು ಬೇರೆ ಸುದ್ದಿಗೆ ಹೊರಳಿದವು. ಬೆಲೆ ಏರುವ ವೇಗ ತಗ್ಗಿತು, ಏರಿದ ಬೆಲೆ ಇಳಿಯಲಿಲ್ಲ. ಮಕ್ಕಳ ಮನೆಗಳಿಗೆ ಕೊಡುತ್ತಿದ್ದ ಅಲ್ಲಿನ ಮಧ್ಯಮ ವರ್ಗದವರೇ ಕೈ ಬಿಗಿಹಿಡಿಯಬೇಕಾಯಿತು.

ಮೊದಲ ಹಂತ: ಮಕ್ಕಳು ಅಲ್ಲಿ ಏಕಿದ್ದಾರೆ ಎಂದು ಕೇಳಿ

ಹಣದ ಮಾತಿಗಿಂತ ಮೊದಲು ಈ ಪ್ರಶ್ನೆ. ನಾವು ಇದನ್ನು ಎಂಟು ತಿಂಗಳ ನಂತರ ಕೇಳಿದೆವು, ಅದು ತಪ್ಪು.

'ಅನಾಥಾಲಯ' ಎಂಬ ಪದ ಕೇಳಿದೊಡನೆ ಅಪ್ಪ ಅಮ್ಮ ಇಲ್ಲದ ಮಗು ಕಣ್ಣ ಮುಂದೆ ಬರುತ್ತದೆ. ಲಂಕೆಯಲ್ಲಿಯೂ, ಜಗತ್ತಿನ ಬೇರೆ ಕಡೆಗಳಲ್ಲಿಯೂ ಇಂಥ ಮನೆಗಳಲ್ಲಿರುವ ಹೆಚ್ಚಿನ ಮಕ್ಕಳಿಗೆ ತಂದೆ ಅಥವಾ ತಾಯಿ, ಒಬ್ಬರಾದರೂ ಬದುಕಿದ್ದಾರೆ. ಸಿಂಹಳದಲ್ಲಿ ಇದಕ್ಕೆ 'ಲಮಾ ನಿವಾಸ' ಎನ್ನುತ್ತಾರೆ, ಮಕ್ಕಳ ಮನೆ ಎಂದೇ ಅರ್ಥ. ನಾನೂ ಆ ಮಾತನ್ನೇ ಹಿಡಿದಿದ್ದೇನೆ. ನಾವು ನೆರವಾಗುವ ಮನೆಯಲ್ಲಿ ಆಗ 31 ಮಕ್ಕಳಿದ್ದರು. ಇಬ್ಬರೂ ಇಲ್ಲದವರು ನಾಲ್ಕೇ ಮಂದಿ. ಹಲವರ ಅಮ್ಮಂದಿರು ಕುವೈತಿನಲ್ಲೋ ಸೌದಿಯಲ್ಲೋ ಮನೆಗೆಲಸಕ್ಕಿದ್ದರು. ಗಲ್ಫ್ ನಮಗೇನೂ ಹೊಸದಲ್ಲ. ನಮ್ಮಲ್ಲಿ ಅಪ್ಪ ಹೋಗುತ್ತಾನೆ, ಮಕ್ಕಳು ಅಮ್ಮನ ಜೊತೆ ಅಜ್ಜಿಮನೆಯಲ್ಲಿ ಬೆಳೆಯುತ್ತಾರೆ. ಚಹಾ ತೋಟದ ಒಂದೇ ಕೋಣೆಯ ಲೈನ್ ಮನೆಯಿಂದ ಅಮ್ಮ ಹೊರಟರೆ ಅಜ್ಜಿಮನೆ ಎಂಬುದೂ ಇರುವುದಿಲ್ಲ.

2009ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಬದಲಿ ಪಾಲನೆಯ ಮಾರ್ಗಸೂಚಿ ಒಂದು ಮಾತನ್ನು ನೇರವಾಗಿ ಹೇಳುತ್ತದೆ: ಬಡತನವೊಂದೇ ಕಾರಣಕ್ಕೆ ಮಗುವನ್ನು ಕುಟುಂಬದಿಂದ ಬೇರೆ ಮಾಡಬಾರದು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ನಮ್ಮ ದುಡ್ಡಿನಿಂದ ಹಾಸಿಗೆ ಹೆಚ್ಚಾದರೆ, ಆ ಹಾಸಿಗೆ ತುಂಬಲು ಮಕ್ಕಳು ಬಂದಾರು. ಹಣ ಹೆಚ್ಚಿದಂತೆ ಮಕ್ಕಳ ಸಂಖ್ಯೆಯೂ ಹೆಚ್ಚುವ ಮನೆಯಿಂದ ದೂರವಿರಿ. ಭೇಟಿಗೆ ಬಂದವರ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಾಡಿಸುವ ಮನೆಯಿಂದಲೂ.

ಕೇಳಬೇಕಾದ ಕಾಗದಗಳು ಹೆಚ್ಚೇನಿಲ್ಲ. ಲಂಕೆಯಲ್ಲಿ ಒಂಬತ್ತು ಪ್ರಾಂತ್ಯಗಳಿವೆ, ಪ್ರತಿ ಪ್ರಾಂತ್ಯಕ್ಕೂ ಪರಿವೀಕ್ಷಣೆ (ಪ್ರೊಬೇಷನ್) ಮತ್ತು ಮಕ್ಕಳ ಪಾಲನಾ ಸೇವೆಗಳ ಇಲಾಖೆ ಇದೆ. ಸ್ವಯಂಸೇವಾ ಸಂಸ್ಥೆಗಳು ನಡೆಸುವ ಮಕ್ಕಳ ಮನೆಗಳು ಅಲ್ಲಿ ನೋಂದಣಿಯಾಗಿರಬೇಕು. ನೋಂದಣಿ ಪತ್ರದ ಪ್ರತಿ, ಎಷ್ಟು ಮಕ್ಕಳಿಗೆ ಅನುಮತಿ, ಈಗ ಎಷ್ಟು ಮಕ್ಕಳಿದ್ದಾರೆ, ಪರಿವೀಕ್ಷಣಾ ಅಧಿಕಾರಿ ಕೊನೆಯದಾಗಿ ಬಂದು ಹೋದದ್ದು ಯಾವಾಗ, ಪ್ರತಿ ಮಗುವಿಗೂ ಕಡತ ಉಂಟೇ, ಆ ಕಡತದಲ್ಲಿ ಮನೆಗೆ ಮರಳುವ ಯೋಜನೆ ಉಂಟೇ. ಕಡತವನ್ನು ನಮಗೆ ತೋರಿಸಬೇಕೆಂದು ಕೇಳಬೇಡಿ. ತೋರಿಸುತ್ತೇನೆ ಎಂದು ಅವರೇ ಮುಂದಾದರೆ ಅದೂ ಒಳ್ಳೆಯ ಲಕ್ಷಣವಲ್ಲ. 1998ರ ಕಾಯ್ದೆಯಿಂದ ಹುಟ್ಟಿದ ರಾಷ್ಟ್ರೀಯ ಮಕ್ಕಳ ರಕ್ಷಣಾ ಪ್ರಾಧಿಕಾರ ಅಲ್ಲಿದೆ, ಅದರ ಸಹಾಯವಾಣಿ 1929. ಆ ಸಂಖ್ಯೆ ಮಕ್ಕಳ ಕಣ್ಣಿಗೆ ಬೀಳುವ ಗೋಡೆಯ ಮೇಲೆ ಬರೆದಿದೆಯೇ ಎಂದು ಕೇಳಿ. ನಾನು ಹೀಗೆ ಕೇಳಿದಾಗ ಮೇಲ್ವಿಚಾರಕಿ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ಬರೆದಿತ್ತು. ಸುಣ್ಣ ಹೊಡೆದಾಗ ಮುಚ್ಚಿಹೋಯಿತು" ಎಂದರು. ಮರುದಿನ ಹೊಸದಾಗಿ ಬರೆಸಿದ ಗೋಡೆಯ ಚಿತ್ರ ಬಂತು. ಆ ಉತ್ತರದಿಂದ ನನಗೆ ಅವರ ಮೇಲೆ ಹುಟ್ಟಿದ ನಂಬಿಕೆ ಯಾವ ಪ್ರಮಾಣಪತ್ರದಿಂದಲೂ ಹುಟ್ಟಿರಲಿಲ್ಲ.

ಎರಡನೆಯದು: ಶಾಲೆ ಬೇರೆಯೇ ಬೇಕೇ?

ಮಕ್ಕಳ ಮನೆಯ ಜೊತೆಗೆ ಶಾಲೆಯೂ ಇದೆ ಎಂದರೆ ನಮ್ಮವರಿಗೆ ಸಂತೋಷ ಇಮ್ಮಡಿಯಾಗುತ್ತದೆ. ಕರಾವಳಿಯ ಜಾಯಮಾನವೇ ಅದು. 1836ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕನ್ನಡ ಶಾಲೆ ತೆರೆದಂದಿನಿಂದ ಯಾರು ಒಳ್ಳೆಯ ಕೆಲಸಕ್ಕೆ ಹೊರಟರೂ ಮೊದಲು ಶಾಲೆ ಕಟ್ಟಿದ್ದಾರೆ. ಆದರೆ ಲಂಕೆಯಲ್ಲಿ ಸರಕಾರಿ ಶಾಲೆಯ ಶಿಕ್ಷಣ ಉಚಿತ, ಪಠ್ಯಪುಸ್ತಕವೂ ಸಮವಸ್ತ್ರದ ಬಟ್ಟೆಯೂ ಸರಕಾರದ್ದೇ. ಹಾಗಿದ್ದ ಮೇಲೆ ಕಾಂಪೌಂಡಿನೊಳಗೆ ಇನ್ನೊಂದು ಶಾಲೆ ಏಕೆ? ಊರಿನ ಮಕ್ಕಳ ಜೊತೆ ಬೆರೆಯದೆ ಒಳಗೇ ಉಂಡು, ಒಳಗೇ ಕಲಿತು, ಒಳಗೇ ಮಲಗುವ ಮಗು ಹದಿನೆಂಟಕ್ಕೆ ಹೊರಗೆ ಬಂದಾಗ ಬಸ್ ಟಿಕೆಟ್ ಕೇಳಲೂ ಅಂಜುತ್ತದೆ.

ನಾವು ನೆರವಾಗುವ ಮನೆಯಲ್ಲಿ ಶಾಲೆ ಎಂದರೆ ಎರಡು. ಬೆಳಿಗ್ಗೆ ಚಿಕ್ಕವರ ಮಾಂಟೆಸರಿ, ಅದಕ್ಕೆ ತೋಟದ ಲೈನ್ ಮನೆಗಳ ಮಕ್ಕಳೂ ಬರುತ್ತಾರೆ. ಸಂಜೆ ದೊಡ್ಡವರ ಪಾಠ. ಅಲ್ಲಿ ಐದನೆಯ ತರಗತಿಯ ವಿದ್ಯಾರ್ಥಿವೇತನ ಪರೀಕ್ಷೆ, ಹನ್ನೊಂದನೆಯದರ ಸಾಮಾನ್ಯ ಮಟ್ಟದ ಪರೀಕ್ಷೆ ಎರಡೂ ಮಗುವಿನ ದಾರಿ ತೀರ್ಮಾನಿಸುವಂಥವು. ಟ್ಯೂಷನ್ ಇಲ್ಲದೆ ಯಾರೂ ಪಾಸಾಗುವುದಿಲ್ಲ ಎಂಬ ನಂಬಿಕೆ ನಮ್ಮ ಪಿಯುಸಿ ಪೋಷಕರದ್ದಕ್ಕಿಂತಲೂ ಒಂದು ತೂಕ ಹೆಚ್ಚು. ಹಾಗಾಗಿ ನಾವು ಕಟ್ಟಡಕ್ಕೆ ಕೊಡಲಿಲ್ಲ. ಸಂಜೆಯ ಗಣಿತದ ಮೇಷ್ಟ್ರ ಸಂಬಳ, ಮಾಂಟೆಸರಿ ಟೀಚರ್ ಒಬ್ಬರ ಸಂಬಳ, ಹೊರಗಿನ ಸರಕಾರಿ ಶಾಲೆಗೆ ಹೋಗುವವರ ಬಸ್ ಖರ್ಚು ಮತ್ತು ಶೂ, ಇಷ್ಟೇ. ಶೂ ಮರೆಯಬೇಡಿ. ಶೂ ಇಲ್ಲದ ಹುಡುಗ ಜ್ವರ ಎಂದು ಸುಳ್ಳು ಹೇಳಿ ಶಾಲೆ ತಪ್ಪಿಸುತ್ತಾನೆ.

ಮಾಧ್ಯಮ ಯಾವುದೆಂದೂ ಕೇಳಿಟ್ಟುಕೊಳ್ಳಿ. ತೋಟದ ಮಕ್ಕಳದು ತಮಿಳು, ಪಕ್ಕದ ಹಳ್ಳಿಯವರದು ಸಿಂಹಳ. ನಮ್ಮ ಇಂಗ್ಲಿಷ್ ಕಥೆಪುಸ್ತಕಗಳು ಕಪಾಟಿನಲ್ಲಿ ಚಂದ ಕಾಣುತ್ತವೆ.

ಮೂರನೆಯದು: ಯಾರೂ ಕೊಡದ ಖರ್ಚನ್ನು ಹುಡುಕಿ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಿಮಗೆ ಏನು ಬೇಕು ಎಂದು ಕೇಳಿದರೆ ಕೊಡುವವರಿಗೆ ಇಷ್ಟವಾಗುವ ಉತ್ತರವೇ ಬರುತ್ತದೆ. ಕಳೆದ ಮೂರು ತಿಂಗಳ ಖರ್ಚಿನ ಪುಸ್ತಕದ ಪುಟಗಳನ್ನು ಕೇಳಿ. ಕೈಬರಹದಲ್ಲಿದ್ದರೆ ಇನ್ನೂ ಒಳ್ಳೆಯದು.

ನಮಗೆ ಬಂದ ಪುಟಗಳಲ್ಲಿ ಒಂದು ವಿಚಿತ್ರವಿತ್ತು. ತಿಂಗಳ ಹಲವು ದಿನಗಳಲ್ಲಿ ಮಧ್ಯಾಹ್ನದ ಊಟದ ಎದುರು ಖರ್ಚೇ ಇಲ್ಲ, 'ದಾನ' ಎಂದು ಬರೆದಿತ್ತು. ಹುಟ್ಟುಹಬ್ಬಕ್ಕೆ, ತೀರಿಕೊಂಡವರ ನೆನಪಿಗೆ ಮಕ್ಕಳ ಮನೆಯಲ್ಲಿ ಊಟ ಹಾಕಿಸುವುದು ಲಂಕೆಯವರ ದೊಡ್ಡ ರೂಢಿ. ನಮ್ಮಲ್ಲಿಯೂ ಮಗನ ಹುಟ್ಟುಹಬ್ಬಕ್ಕೆ ಆಶ್ರಮದಲ್ಲಿ ಪಾಯಸದ ಊಟ ಬರೆಸುತ್ತೇವಲ್ಲ, ಹಾಗೆಯೇ. ಅಂದರೆ ಊಟಕ್ಕೆ ಕೊಡುವ ಕೈಗಳು ಕಷ್ಟದಲ್ಲಿಯೂ ಅಷ್ಟಿಷ್ಟು ಇದ್ದವು. ಯಾವ ಹುಟ್ಟುಹಬ್ಬಕ್ಕೂ ಯಾರೂ ವಿದ್ಯುತ್ ಬಿಲ್ ಕಟ್ಟುವುದಿಲ್ಲ. ರಾತ್ರಿ ಮಕ್ಕಳ ಜೊತೆ ಮಲಗುವ ವಾರ್ಡನ್ನಿನ ಸಂಬಳವನ್ನು ಅಜ್ಜನ ನೆನಪಿಗೆ ಯಾರೂ ಕೊಡುವುದಿಲ್ಲ. ಸಂಬಳ ನಿಂತರೆ ಒಳ್ಳೆಯ ವಾರ್ಡನ್ ಮೊದಲು ಹೋಗುತ್ತಾಳೆ. ಆಮೇಲೆ ಅಗ್ಗಕ್ಕೆ ಸಿಗುವವರು ಬರುತ್ತಾರೆ. ಅಂಥವರ ಕೈಯಲ್ಲಿ ಮಕ್ಕಳು ರಾತ್ರಿ ಕಳೆಯಬೇಕು.

ಆದ್ದರಿಂದ ನಾವು ನಾಲ್ಕು ಬಾಬ್ತು ಹಿಡಿದೆವು: ಅಡುಗೆಯಾಕೆ ಮತ್ತು ರಾತ್ರಿಯ ವಾರ್ಡನ್ ಸಂಬಳ, ಇಬ್ಬರು ಶಿಕ್ಷಕರ ಸಂಬಳದ ಪಾಲು, ವಿದ್ಯುತ್, ಔಷಧ. ಗೋಡೆಯ ಮೇಲೆ ಹೆಸರು ಕೆತ್ತಿಸುವ ಭಾಗ್ಯ ಇದರಲ್ಲಿಲ್ಲ. ಗುಂಪಿನ ಒಬ್ಬರು ಅದೇ ಕಾರಣಕ್ಕೆ ಹಿಂದೆ ಸರಿದರು, ಕುಡಿಯುವ ನೀರಿನ ಯಂತ್ರವೊಂದನ್ನು ಬೇರೆ ಕಡೆ ಕೊಟ್ಟರು. ಅದೂ ಒಳ್ಳೆಯದೇ.

ನಾಲ್ಕನೆಯದು: ದುಡ್ಡು ಕೂಡಿಸುವ ಬಗೆ

ಉಡುಪಿ ಮತ್ತು ಮಂಗಳೂರು ಬ್ಯಾಂಕುಗಳು ಹುಟ್ಟಿದ ನೆಲ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಠೇವಣಿ ತಂದಾಗ ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಒಯ್ಯುತ್ತಿದ್ದರು. ಅದಕ್ಕೂ ಹಿಂದೆ, ಅನ್ನಕ್ಕೆ ಅಳೆಯುವಾಗ ಒಂದು ಮುಷ್ಟಿ ಅಕ್ಕಿಯನ್ನು ಬೇರೆ ಡಬ್ಬಕ್ಕೆ ಹಾಕುವ ಪದ್ಧತಿ. ಸಂಕಟದ ಸುದ್ದಿ ಬಂದ ದಿನ ಹತ್ತು ಸಾವಿರ ಕೊಟ್ಟು ಮರೆಯುವವರಿಗಿಂತ, ಮುಷ್ಟಿ ಅಕ್ಕಿಯ ಲೆಕ್ಕದಲ್ಲಿ ನಡೆಯುವವರು ನಿಮಗೆ ಬೇಕು.

ನಮ್ಮ ಲೆಕ್ಕ ಹೀಗೆ: ದಿನಕ್ಕೆ 110 ರೂಪಾಯಿ ತೆಗೆದಿಟ್ಟರೆ ವರ್ಷಕ್ಕೆ 40,150. ಹನ್ನೆರಡು ಜನ, ಹನ್ನೆರಡು ತಿಂಗಳು. ಪ್ರತಿಯೊಬ್ಬರಿಗೂ ವರ್ಷದಲ್ಲಿ ಒಂದು ತಿಂಗಳ ಸರದಿ. ಚೀಟಿ ಹಾಕಿದ ಹಾಗೆ, ಆದರೆ ಇಲ್ಲಿ ಚೀಟಿ ಎತ್ತುವವರು ಯಾವಾಗಲೂ ಲಂಕೆಯಲ್ಲಿರುತ್ತಾರೆ.

ಹೀಗೆ ಮಾಡಲು ಕಾನೂನಿನ ಕಾರಣವೂ ಇದೆ. ಎಲ್ಲರ ಹಣವನ್ನೂ ಒಬ್ಬರ ಖಾತೆಯಲ್ಲಿ ಗುಡ್ಡೆ ಹಾಕಿ ಹೊರದೇಶಕ್ಕೆ ಕಳುಹಿಸುವುದು ಸರಿಯಲ್ಲ. ಬ್ಯಾಂಕಿನ ಅರ್ಜಿಯಲ್ಲಿ 'ಈ ಹಣ ನನ್ನದೇ' ಎಂದು ಘೋಷಿಸಿ ಸಹಿ ಹಾಕಬೇಕಾಗುತ್ತದೆ. ಸರದಿಯಲ್ಲಿ ಪ್ರತಿಯೊಬ್ಬರೂ ತಮ್ಮದೇ ಹಣ ಕಳುಹಿಸಿದರೆ ಆ ಸಹಿ ಸುಳ್ಳಾಗುವುದಿಲ್ಲ. ಅಷ್ಟು ಕೊಡಲಾಗದವರಿಗೂ ಕೆಲಸ ಉಂಟು. ನಮ್ಮಲ್ಲಿ ಒಬ್ಬಾಕೆ ತಮಿಳು ಬಲ್ಲವರು. ಅವರು ಒಂದು ಪೈಸೆ ಕೊಡುವುದಿಲ್ಲ, ತಿಂಗಳಿಗೆರಡು ಸಲ ಫೋನ್ ಮಾಡುತ್ತಾರೆ. ಅವರಿಲ್ಲದಿದ್ದರೆ ಈ ಗುಂಪು ಎಂದೋ ಮುಚ್ಚುತ್ತಿತ್ತು.

ನಾವೂ ಒಂದು ಟ್ರಸ್ಟ್ ಮಾಡೋಣ ಎಂದು ಯಾರಾದರೂ ಎದ್ದು ನಿಲ್ಲುತ್ತಾರೆ, ಖಂಡಿತ. ಕೂರಿಸಿ. ಭಾರತದ ಧರ್ಮಾರ್ಥ ಟ್ರಸ್ಟ್ ತನ್ನ ಹಣವನ್ನು ದೇಶದ ಹೊರಗೆ ಖರ್ಚು ಮಾಡಿದರೆ, ಕೇಂದ್ರ ನೇರ ತೆರಿಗೆ ಮಂಡಳಿಯ ಅನುಮತಿ ಇಲ್ಲದೆ ಆ ಖರ್ಚಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ದೇವಸ್ಥಾನ, ಚರ್ಚು, ಮಸೀದಿಗಳ ಟ್ರಸ್ಟುಗಳಿಗೂ ಇದೇ ಮಾತು. ಹೊರದೇಶದ ಸಂಸ್ಥೆಗೆ ನೀವು ನೇರವಾಗಿ ಕೊಟ್ಟ ದೇಣಿಗೆಗೆ ಆದಾಯ ತೆರಿಗೆಯ ರಿಯಾಯಿತಿಯೂ ಇಲ್ಲ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಹೆಸರು ಹೇಳಿ ಹೆದರಿಸುವವರಿದ್ದಾರೆ. ಅದು ಹೊರಗಿನಿಂದ ಒಳಗೆ ಬರುವ ಹಣದ ಕಾಯ್ದೆ, ಒಳಗಿನಿಂದ ಹೊರಗೆ ಹೋಗುವುದರದ್ದಲ್ಲ.

ಗಲ್ಫಿನಲ್ಲಿರುವ ಬಾವ, ತಮ್ಮಂದಿರಿಗೆ ಒಂದು ಎಚ್ಚರಿಕೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಪರವಾನಗಿ ಇಲ್ಲದೆ ದೇಣಿಗೆ ಸಂಗ್ರಹಿಸುವುದು ಅಪರಾಧ, 2021ರ ಕಾನೂನಿನಲ್ಲಿ ಭಾರಿ ದಂಡವಿದೆ. ಊರಿನ ವಾಟ್ಸ್ಆ್ಯಪ್ ಗುಂಪಿನ ಮನವಿಯನ್ನು ದುಬೈಯ ಗುಂಪಿಗೆ ಕಳುಹಿಸುವ ಮೊದಲು ಆಲೋಚಿಸಿ. ನಮ್ಮ ಮನವಿ ಹಾಗೆ ಒಮ್ಮೆ ಹೋಗಿಬಿಟ್ಟಿತ್ತು, ನನ್ನ ಅಕ್ಕನ ಮಗ ಅರ್ಧ ರಾತ್ರಿ ಫೋನ್ ಮಾಡಿ, "ಮಾವ, ಕೂಡಲೇ ಅಳಿಸಿ" ಎಂದ.

ಐದನೆಯದು: ಬ್ಯಾಂಕಿನ ಕೌಂಟರಿನಲ್ಲಿ

ನನ್ನ ಹಳೆಯ ಕುರ್ಚಿಯ ಆಚೆ ಬದಿಗೆ ನಿಂತಾಗಲೇ ಗೊತ್ತಾದದ್ದು, ಈ ಕೆಲಸ ಎಷ್ಟು ಗೊಂದಲದ್ದೆಂದು.

ಭಾರತದಲ್ಲಿ ನೆಲೆಸಿರುವ ವ್ಯಕ್ತಿ ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್‌ವರೆಗೆ ಹೊರಗೆ ಕಳುಹಿಸಬಹುದು, ದೇಣಿಗೆಯೂ ಅದರೊಳಗೇ ಬರುತ್ತದೆ. ಬ್ಯಾಂಕಿನಲ್ಲಿ ಎಲ್ಲರೂ ಎಲ್‌ಆರ್‌ಎಸ್ ಎನ್ನುತ್ತಾರೆ, ಹಾಗೆಂದೇ ಕೇಳಿ. ವ್ಯಕ್ತಿಗಳಿಗೆ ಮಾತ್ರ ಇದು. ಟ್ರಸ್ಟಿಗೂ ಕಂಪನಿಗೂ ಪಾಲುದಾರಿಕೆ ಸಂಸ್ಥೆಗೂ ಇಲ್ಲ. ಪ್ಯಾನ್ ಬೇಕೇ ಬೇಕು.

ತುಂಬಬೇಕಾದ ಅರ್ಜಿಯ ಹೆಸರು ಎ2. ಅದರಲ್ಲಿ ಹಣ ಯಾವ ಕಾರಣಕ್ಕೆ ಹೋಗುತ್ತಿದೆ ಎಂಬ ಸಂಕೇತ ಸಂಖ್ಯೆಯ ಚೌಕ ಇರುತ್ತದೆ. ಹೊರದೇಶದ ಧಾರ್ಮಿಕ ಅಥವಾ ಧರ್ಮಾರ್ಥ ಸಂಸ್ಥೆಗೆ ಕೊಡುವ ದೇಣಿಗೆಗೆ ಎಸ್1303. ವ್ಯಕ್ತಿಗತ ಉಡುಗೊರೆಗೆ ಎಸ್1302. ಕುಟುಂಬ ನಿರ್ವಹಣೆಗೆ ಎಸ್1301. ನನ್ನ ಸರದಿ ಬಂದಾಗ ಕೌಂಟರಿನ ಹುಡುಗ ಕೈ ಅಭ್ಯಾಸದಿಂದ 1301 ಬರೆದ. ತಪ್ಪಲ್ಲವೇ ಎಂದೆ. "ಎಲ್ಲರೂ ಇದನ್ನೇ ಹಾಕುತ್ತಾರೆ ಸರ್, ಬೇಗ ಹೋಗುತ್ತದೆ" ಎಂದ. ಲಂಕೆಯ ಮಕ್ಕಳ ಮನೆ ನನ್ನ ಕುಟುಂಬವಲ್ಲ, ತಿದ್ದಿ ಎಂದು ಪಟ್ಟು ಹಿಡಿದೆ. ಹಿಂದಿನ ಸಾಲಿನಲ್ಲಿ ನಿಂತವರು ನಿಟ್ಟುಸಿರು ಬಿಟ್ಟರು. ನಾಳೆ ತೆರಿಗೆ ಇಲಾಖೆ ಕೇಳಿದರೆ ಉತ್ತರ ಕೊಡಬೇಕಾದವರು ನೀವು, ಆ ಹುಡುಗನಲ್ಲ. ತಿದ್ದಿಸಿಕೊಳ್ಳಿ.

ಆದರೆ ನಮಗೆ ನಿಜವಾದ ಪೆಟ್ಟು ಬಿದ್ದದ್ದು ನಮ್ಮದೇ ತಪ್ಪಿನಿಂದ. ಮೊದಲ ಸಲ ಹಣ ಪಡೆಯುವವರ ಜಾಗದಲ್ಲಿ ಮಕ್ಕಳ ಮನೆಯ ರೂಢಿಯ ಹೆಸರು ಬರೆದೆವು. ಅಲ್ಲಿನ ಖಾತೆ ಇದ್ದದ್ದು ಅದನ್ನು ನಡೆಸುವ ಟ್ರಸ್ಟಿಗಳ ಮಂಡಳಿಯ ಹೆಸರಿನಲ್ಲಿ. ಹತ್ತೊಂಬತ್ತು ದಿನ ಹಣ ಎಲ್ಲೋ ನಡುವೆ ತೂಗಾಡಿ, ಮಧ್ಯವರ್ತಿ ಬ್ಯಾಂಕಿನ ಶುಲ್ಕ ಕಳೆದುಕೊಂಡು ಮರಳಿತು. ಅಲ್ಲಿ ಅಡುಗೆಯಾಕೆ ಕಾಯುತ್ತಿದ್ದಳು. ಅಂದಿನಿಂದ ಅವರ ಪಾಸ್‌ಬುಕ್ಕಿನ ಮೊದಲ ಪುಟದ ಚಿತ್ರ ತರಿಸಿಕೊಂಡು, ಹೆಸರಿನ ಒಂದೊಂದು ಅಕ್ಷರವನ್ನೂ ಬೆರಳಿಟ್ಟು ನೋಡಿ ಬರೆಯುತ್ತೇವೆ. ಹೊರದೇಶದ ಬ್ಯಾಂಕನ್ನು ಗುರುತಿಸುವ ಸ್ವಿಫ್ಟ್ ಸಂಕೇತ, ಶಾಖೆಯ ವಿಳಾಸ, ಖಾತೆ ಸಂಖ್ಯೆ ಮೂರೂ ಬೇಕು. ಎಲ್ಲ ಶುಲ್ಕವನ್ನೂ ಕಳುಹಿಸುವವರೇ ಭರಿಸುವ ಆಯ್ಕೆಗೆ ಗುರುತು ಹಾಕಿ, ಇಲ್ಲದಿದ್ದರೆ ಸಂಬಳದ ಲೆಕ್ಕ ಅಲ್ಲಿ ಕೊರತೆ ಬೀಳುತ್ತದೆ.

ತೆರಿಗೆ: 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿಯವರೆಗಿನ ರವಾನೆಗೆ ಮೂಲದಲ್ಲಿ ತೆರಿಗೆ ಸಂಗ್ರಹ, ಅಂದರೆ ಹಣ ಕಳುಹಿಸುವಾಗಲೇ ಬ್ಯಾಂಕು ವಸೂಲು ಮಾಡುವ ತೆರಿಗೆ, ಇಲ್ಲ; ಮೀರಿದ ಭಾಗಕ್ಕೆ ದೇಣಿಗೆಯಾದರೆ ಶೇಕಡ 20. ಮಗಳ ವಿದೇಶಿ ಕಾಲೇಜಿನ ಶುಲ್ಕ ಕಳುಹಿಸಿದ್ದರೆ ಅದೂ ಈ 10 ಲಕ್ಷದೊಳಗೇ ಸೇರುತ್ತದೆ. ಬಜೆಟ್ಟಿನಲ್ಲಿ ಇವು ಬದಲಾಗುತ್ತಿರುತ್ತವೆ, ನಿಮ್ಮ ಲೆಕ್ಕ ಪರಿಶೋಧಕರನ್ನು ಒಂದು ಮಾತು ಕೇಳಿಬಿಡಿ.

ಯಾವ ಕಾರಣಕ್ಕೂ ಮಾಡಬಾರದ್ದು: ಮೇಲ್ವಿಚಾರಕರ ಸ್ವಂತ ಖಾತೆಗೆ ಹಾಕುವುದು, ಕೊಲಂಬೊದಲ್ಲಿ ಪರಿಚಯದವರಿದ್ದಾರೆ ಎಂದು ಇಲ್ಲಿ ನಗದು ಕೊಟ್ಟು ಅಲ್ಲಿ ನಗದು ಕೊಡಿಸುವುದು. ಎರಡನೆಯದು ಹವಾಲಾ. ಉದ್ದೇಶ ಒಳ್ಳೆಯದೆಂದು ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ ಕಣ್ಣು ಮುಚ್ಚುವುದಿಲ್ಲ.

ನಿಮ್ಮ ದೇಶ ಬೇರೆಯಾದರೆ ದಾರಿಯೂ ಬೇರೆ. 2019ರ ನಂತರ ಲೆಬನಾನಿನ ಬ್ಯಾಂಕುಗಳಲ್ಲಿ ಹಳೆಯ ಡಾಲರ್ ಠೇವಣಿಗಳು ಸಿಕ್ಕಿಹಾಕಿಕೊಂಡವು, ಹೊರಗಿನಿಂದ ಹೊಸದಾಗಿ ಬಂದ ಡಾಲರಿಗೆ ಬೇರೆಯೇ ಖಾತೆ ಬೇಕಾಯಿತು. ಯುದ್ಧ ನಡೆಯುತ್ತಿರುವ ಸುಡಾನಿನಂಥ ಕಡೆ ಸಣ್ಣ ಗುಂಪು ನೇರವಾಗಿ ಕೈಹಾಕದೆ ಅಲ್ಲಿ ಈಗಾಗಲೇ ಇರುವ ದೊಡ್ಡ ಸಂಸ್ಥೆಗಳ ಮೂಲಕ ಹೋಗುವುದೇ ಕ್ಷೇಮ.

ವಸ್ತುಗಳ ಬಗ್ಗೆ

ಕಳುಹಿಸಬೇಡಿ. ಸಾಗಣೆ, ಕಸ್ಟಮ್ಸ್, ಕಾಯುವಿಕೆ ಎಲ್ಲ ಕೂಡಿದರೆ ಪುಸ್ತಕದ ಬೆಲೆಗಿಂತ ಗೋಣಿಯ ಬೆಲೆ ಹೆಚ್ಚು. ನಮ್ಮ ಒಂದು ರೂಪಾಯಿಗೆ ಅಲ್ಲಿನ ಮೂರೂವರೆ ರೂಪಾಯಿಯ ಆಸುಪಾಸು ಸಿಗುತ್ತದೆ, ಅವರ ಪೇಟೆಯ ಅಂಗಡಿಯವನಿಗೂ ವ್ಯಾಪಾರ ಬೇಕು. ಆ ಹನ್ನೊಂದು ಗೋಣಿಗಳನ್ನು ನಾನು ಕೊನೆಗೆ ಇಲ್ಲಿಯೇ ವಿಲೇವಾರಿ ಮಾಡಿದೆ. ಎಲ್ಲಿ ಎಂದು ಕೇಳಬೇಡಿ, ತಂದವರಲ್ಲಿ ಕೆಲವರು ಇದನ್ನು ಓದುತ್ತಾರೆ.

ಆರನೆಯದು: ಲೆಕ್ಕ ಕೇಳುವುದು, ಮುಖ ಕೇಳದಿರುವುದು

ಪ್ರತಿ ತಿಂಗಳ ಹತ್ತನೆಯ ತಾರೀಖಿನೊಳಗೆ ನಮಗೆ ಬರುವುದು ಮೂರು ಚಿತ್ರ: ಸಂಬಳ ಪಡೆದವರ ಸಹಿ ಪುಸ್ತಕದ ಪುಟ, ವಿದ್ಯುತ್ ಬಿಲ್, ಔಷಧದ ರಶೀದಿ. ಇದಕ್ಕಿಂತ ಹೆಚ್ಚು ಕೇಳಿದರೆ ಮೇಲ್ವಿಚಾರಕಿ ಮಕ್ಕಳನ್ನು ಬಿಟ್ಟು ನಮ್ಮ ವರದಿ ಬರೆಯುತ್ತಾ ಕೂರಬೇಕು.

ರಶೀದಿ ಓದುವಾಗ ಆ ದೇಶದ ಸುದ್ದಿಯನ್ನೂ ಓದಬೇಕು. ಹೀಗಾಯಿತು: 2023ರ ಮಾರ್ಚಿನಲ್ಲಿ ಬಂದ ಬಿಲ್ಲನ್ನು ಹಳೆಯದರ ಪಕ್ಕದಲ್ಲಿಟ್ಟರೆ ಹೆಚ್ಚುಕಡಿಮೆ ಮೂರು ಪಟ್ಟು. ಗುಂಪಿನಲ್ಲಿ ಗುಸುಗುಸು ಶುರುವಾಯಿತು. ಯಾರ ಮನೆಯ ಕರೆಂಟಿಗೆ ನಾವು ಕಟ್ಟುತ್ತಿದ್ದೇವೆ ಎಂದು ಒಬ್ಬರು ಕೇಳಿಯೂ ಬಿಟ್ಟರು. ಯೂನಿಟ್ ಲೆಕ್ಕ ನೋಡಿದರೆ ಬಳಕೆ ಕಡಿಮೆಯೇ ಆಗಿತ್ತು. ಅಲ್ಲಿ 2022ರ ಆಗಸ್ಟಿನಲ್ಲಿ ವಿದ್ಯುತ್ ದರ ಸರಾಸರಿ ಶೇಕಡ 75, ಮತ್ತೆ 2023ರ ಫೆಬ್ರವರಿಯಲ್ಲಿ ಶೇಕಡ 66 ಏರಿತ್ತು. ಒಂದರ ಮೇಲೊಂದು ಹಾಕಿದರೆ 2.9 ಪಟ್ಟು. ಅನುಮಾನಪಟ್ಟವರು ಆ ತಿಂಗಳ ಕೊರತೆಯನ್ನು ತಾವೇ ತುಂಬಿದರು, ಬಾಯಿ ತೆರೆದು ಏನೂ ಹೇಳದೆ.

ಇನ್ನು ಮಕ್ಕಳ ಚಿತ್ರ. ನಾವು ತರಿಸಿಕೊಳ್ಳುವುದಿಲ್ಲ. 'ನನ್ನ ಮಗು ಯಾವುದು, ಫೋಟೊ ಕಳುಹಿಸಿ' ಎಂಬ ಒಬ್ಬರಿಗೊಂದು ಮಗುವಿನ ಪದ್ಧತಿಯೂ ಬೇಡ. ಅಲ್ಲಿ ಪಕ್ಕದ ಹಾಸಿಗೆಯ ಮಗುವಿಗೆ ಪತ್ರ ಬಾರದೆ ಹೋಗುತ್ತದೆ. ನಮ್ಮ ದೇಶದಲ್ಲಿಯೇ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವಿನ ಹೆಸರು, ಶಾಲೆ, ಚಿತ್ರ ಪ್ರಕಟಿಸುವಂತಿಲ್ಲ. ಇಲ್ಲಿ ಮಾಡಬಾರದ್ದನ್ನು ಸಮುದ್ರ ದಾಟಿದ ಮಾತ್ರಕ್ಕೆ ಮಾಡಬಹುದೇ? ಬೆಟ್ಟನಾಡಿನಲ್ಲಿ ಮನೆಯ ಹೆಸರು ಗೊತ್ತಾದರೆ ಮಗು ಗೊತ್ತಾದಂತೆಯೇ, ಅದಕ್ಕೇ ಹೆಸರು ಬರೆಯಲಿಲ್ಲ.

ಏಳನೆಯದು: ಹೋಗಿ ನೋಡುವುದಾದರೆ

ಮೊದಲ ಎರಡು ವರ್ಷ ಹೋಗಲೇಬೇಡಿ, ಟಿಕೆಟ್ಟಿನ ದುಡ್ಡು ಎರಡು ತಿಂಗಳ ಸಂಬಳ. 2024ರಲ್ಲಿ ನಾನು ಮತ್ತು ತಮಿಳು ಬಲ್ಲ ಆ ಅಕ್ಕ ಹೋದೆವು. ಕ್ಯಾಂಡಿಯಲ್ಲಿ ವಸತಿಗೃಹ ಹಿಡಿದು ಹಗಲು ಹೋಗಿ ಹಗಲೇ ಮರಳಿದೆವು. ಮಕ್ಕಳ ಮನೆಯಲ್ಲಿ ತಂಗಬಾರದು, ಎರಡು ದಿನ ಪಾಠ ಮಾಡಿ ಹೋಗುವ ಉತ್ಸಾಹವೂ ಬೇಡ. ಬಂದು ಎತ್ತಿಕೊಂಡು ಮುದ್ದಾಡಿ ಮಾಯವಾಗುವ ಜನ ಆ ಮಕ್ಕಳ ಬದುಕಿನಲ್ಲಿ ಈಗಾಗಲೇ ಸಾಕಷ್ಟಿದ್ದಾರೆ.

ನಾವು ನೋಡಿದ್ದು ಶೌಚಾಲಯದ ಒಳಚಿಲಕ, ಔಷಧದ ಪುಸ್ತಕ, ಹುಡುಗಿಯರ ಕೋಣೆಗೆ ಹೋಗುವ ದಾರಿಯಲ್ಲಿ ದೀಪ, ರಾತ್ರಿ ವಾರ್ಡನ್ ಮಲಗುವ ಜಾಗ. ಒಂದು ಚಿಲಕ ಮುರಿದಿತ್ತು. ಸಂಜೆಯೊಳಗೆ ಹಾಕಿಸಿದರು.

ಮಧ್ಯಾಹ್ನ ಬಡಿಸಿದ್ದು ಒತ್ತು ಶ್ಯಾವಿಗೆ, ತೆಂಗಿನ ಹಾಲಿನ ಬೇಳೆ, ಜೀಗುಜ್ಜೆ ಪಲ್ಯ. ಪರದೇಶಕ್ಕೆ ಬಂದೆನೆಂದು ಅನ್ನಿಸಲೇ ಇಲ್ಲ. ತಲೆ ಎತ್ತಿದರೆ ಮಾಡಿಗೆ ಹೊದಿಸಿದ್ದು ನಮ್ಮದೇ ಹಂಚು. ಇಲ್ಲಿಂದ ಹಿಂದೆ ಹಡಗುಗಟ್ಟಲೆ ಸಿಲೋನಿಗೆ ಹೋಗುತ್ತಿತ್ತಲ್ಲ. ಮಂಗಳೂರು ಹಂಚು ಎಂದು ಹೆಮ್ಮೆಯಿಂದ ತೋರಿಸಿದೆ. ಅಲ್ಲಿನ ಕಾವಲುಗಾರ ತಲೆಯಾಡಿಸಿ, ಅದು ಕ್ಯಾಲಿಕಟ್ ಹಂಚು ಎಂದ. ಲಂಕೆಯಲ್ಲೆಲ್ಲ ಅದಕ್ಕೆ ಅದೇ ಹೆಸರಂತೆ. ವಾದಿಸಲಿಲ್ಲ, ಆದರೆ ಮನಸ್ಸಿಗೆ ಸ್ವಲ್ಪ ಬೇಸರವಾದದ್ದು ನಿಜ.

ಕೊನೆಯದು: ಆಪತ್ತಿನ ದುಡ್ಡು, ಮನೆಗೆ ಮರಳುವ ದುಡ್ಡು, ನಿಲ್ಲಿಸುವ ಬಗೆ

ಮೂರು ತಿಂಗಳ ಸಂಬಳದಷ್ಟು ಹಣ ಅಲ್ಲಿಯೇ ಬೇರೆ ಖಾತೆಯಲ್ಲಿರಲಿ. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಬಂದು ಬೆಟ್ಟನಾಡಿನಲ್ಲಿ ಗುಡ್ಡಗಳು ಕುಸಿದಾಗ ನಾಲ್ಕು ದಿನ ಯಾರ ಫೋನೂ ಹತ್ತಲಿಲ್ಲ. ಸ್ವಿಫ್ಟ್ ಸಂದೇಶ ಕಳುಹಿಸಿ ಪ್ರಯೋಜನವೂ ಇರಲಿಲ್ಲ. ಐದನೆಯ ದಿನ ಬಂದ ಮಾತು: ಮಕ್ಕಳು ಕ್ಷೇಮ, ಮನೆಯ ಹಿಂಬದಿಯ ತಡೆಗೋಡೆ ಹೋಗಿದೆ, ಆಪತ್ತಿನ ಖಾತೆಯಿಂದ ಅಕ್ಕಿ ಮತ್ತು ಟಾರ್ಪಾಲು ಕೊಂಡೆವು. ನಾವು ಇಲ್ಲಿ ಸಭೆ ಸೇರುವ ಮೊದಲೇ ಅವರು ಕೆಲಸ ಮುಗಿಸಿದ್ದರು. ಅಂಥ ಸುದ್ದಿ ಬಂದ ಹದಿನೈದು ದಿನ ಎಲ್ಲರೂ ಕೊಡುತ್ತಾರೆ. ತಡೆಗೋಡೆ ಕಟ್ಟುವ ಹೊತ್ತಿಗೆ, ಅಂದರೆ ಆರನೆಯ ತಿಂಗಳಿಗೆ, ಯಾರೂ ಇರುವುದಿಲ್ಲ. ನಿಮ್ಮ ವಿಶೇಷ ಕೊಡುಗೆಯನ್ನು ಆಗ ಕೊಡಿ.

ಇನ್ನೊಂದು ಸಣ್ಣ ನಿಧಿ: ಅಮ್ಮಂದಿರ ಬಸ್ ಖರ್ಚು. ತಿಂಗಳಿಗೊಮ್ಮೆ ಬಂದು ಮಗುವನ್ನು ನೋಡಿಹೋಗಲು ಸಾಧ್ಯವಾದರೆ, ಕೆಲವು ಮಕ್ಕಳು ರಜೆಗೆ ಮನೆಗೆ ಹೋಗುತ್ತಾರೆ, ಅವರಲ್ಲಿ ಕೆಲವರು ಮರಳುವುದಿಲ್ಲ. ಪರಿವೀಕ್ಷಣಾ ಅಧಿಕಾರಿಯ ಒಪ್ಪಿಗೆಯಿಂದ ಮನೆಗೆ ಹೋದವರಿಗೆ ಒಂದು ವರ್ಷ ಶಾಲೆಯ ಖರ್ಚು ನಾವೇ ಕೊಡುತ್ತೇವೆ. 31 ಇದ್ದವರು ಈಗ 22. ಮಕ್ಕಳು ಕಡಿಮೆಯಾದ ಮೇಲೂ ಅಷ್ಟೇ ದುಡ್ಡು ಏಕೆ ಎಂದು ಗುಂಪಿನಲ್ಲಿ ಗೊಣಗಾಟವಾಯಿತು. 22 ಮಕ್ಕಳಿಗೂ ರಾತ್ರಿ ವಾರ್ಡನ್ ಒಬ್ಬಳು ಬೇಕು, ಅಡುಗೆಯಾಕೆ ಒಬ್ಬಳು ಬೇಕು. ಉಳಿದದ್ದು ಆ ಒಂಬತ್ತು ಮನೆಗಳಿಗೆ ಹೋಗುತ್ತಿದೆ ಎಂದು ಲೆಕ್ಕ ತೋರಿಸಬೇಕಾಯಿತು.

ನಿಲ್ಲಿಸಬೇಕಾದ ದಿನವೂ ಬರುತ್ತದೆ. ಆರು ತಿಂಗಳು ಮೊದಲು ಬರವಣಿಗೆಯಲ್ಲಿ ತಿಳಿಸುವುದು ನಮ್ಮ ನಿಯಮ, ಗುಂಪಿಗೂ ಅದೇ, ವ್ಯಕ್ತಿಗೂ ಅದೇ. ಹೋದ ವರ್ಷ ಅಕ್ಟೋಬರ್ ಸರದಿಯ ಗೆಳೆಯರೊಬ್ಬರು ಹೃದಯದ ಶಸ್ತ್ರಚಿಕಿತ್ಸೆಯ ಖರ್ಚಿನಿಂದಾಗಿ ಇನ್ನು ಆಗುವುದಿಲ್ಲ ಎಂದು ಏಪ್ರಿಲ್‌ನಲ್ಲಿಯೇ ಹೇಳಿದರು. ಜುಲೈ ಹೊತ್ತಿಗೆ ಮಲ್ಪೆಯ ಬೋಟಿನ ಮಾಲೀಕರೊಬ್ಬರು ಸಿಕ್ಕಿದರು. ಎ2 ಅರ್ಜಿ ತುಂಬಲು ನಾನೇ ಜೊತೆಗೆ ಹೋದೆ, ಸಂಕೇತ ಸಂಖ್ಯೆಯನ್ನು ಅವರೇ ಕೇಳಿ ಬರೆಸಿದರು. ಅಕ್ಟೋಬರಿನ ಸಂಬಳ ಅಕ್ಟೋಬರಿನಲ್ಲಿಯೇ ಹೋಯಿತು.